ಮಗಳು ಹುಟ್ಟು ಹಾಕಿದ ದಿನ

ತುಂಗಭದ್ರೆಯ ದಂಡೆಯ ಹಂಚಿನ ಮಾಡಿನ ಕಿರುಮಠದಲ್ಲಿ ಪೂಜ್ಯ ನಿರುಪಮಜ್ಜನವರು ನೆಲೆಸಿದ್ದ ಕಾಲವದು. ದಾಸೋಹದ ಕಾಯಿಪಲ್ಲೆಯನ್ನು ತಾವೇ ಹೆಚ್ಚುವುದು ಅವರಿಗೆ ಪೂಜೆಯಷ್ಟೇ ಪ್ರಿಯ. ಅಂದು ಮುಂಜಾನೆಯೂ ಈಳಿಗೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದರು.

ಆಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಶಿವಮೂರ್ತೆಪ್ಪನವರು ಬಂದರು. ಮಠ, ಸ್ವಾಮಿಗಳು ಎಂದರೆ ಅವರಿಗೆ ನಂಬಿಕೆಯಿಲ್ಲ. ಹೆಂಡತಿಯ ಒತ್ತಾಯಕ್ಕೆ ಬಂದಿದ್ದರು. ಜೊತೆಗೆ ಪಿಯುಸಿ ಓದುತ್ತಿದ್ದ ಮಗಳು ನೀಲಾಂಬಿಕೆ. ಅವಳು ಬಾಗಿಲಾಚೆಯೇ ನಿಂತು ಹೊಳೆಯತ್ತ ನೋಡುತ್ತಿದ್ದಳು.

“ಮೊದಲು ನನ್ನ ಹೆಗಲ ಮ್ಯಾಲೆ ಕುಂತು ಊರ ಸುದ್ದಿಯೆಲ್ಲಾ ಹೇಳ್ತಿದ್ಲ್ರೀ,” ಎಂದರು ಮಾಸ್ತರರು. “ಈಗ ಏನು ಕೇಳಿದ್ರೂ ಹೂಂ, ಇಲ್ಲಾ ಉಹೂಂ. ಒಂದೇ ಮನ್ಯಾಗ ಇದ್ದೂ ಮಗಳನ್ನ ಕಳಕೊಂಡಂಗಾಗೇತಿ. ನೀವು ಬುದ್ಧಿ ಹೇಳಬೇಕು.”

ಅಜ್ಜನವರು ಬುದ್ಧಿ ಹೇಳಲಿಲ್ಲ. ಹುಡುಗಿಯನ್ನು ಒಳಗೆ ಕರೆದು, “ಯವ್ವಾ, ನಿನಗ ಏನು ಮಾಡಿದ್ರ ಹಿಗ್ಗಾಗ್ತದ?” ಎಂದು ಕೇಳಿದರು.

“ಹೊಳ್ಯಾಗ ಹರಗೋಲು ನಡಸೋದು, ಅಜ್ಜಾರ. ಮಾವನ ಊರಾಗ ಕಲ್ತೀನಿ.”

ಶಿವಮೂರ್ತೆಪ್ಪನವರು ಬೆರಗಾದರು. “ನನಗ ಹೇಳೇ ಇಲ್ಲಲ್ಲ?”

“ಹೇಳಾಕ ಬಂದಿದ್ನೆಪಾ. ಪರೀಕ್ಷಿ ಹತ್ರ ಬಂತು, ಓದಾಕ ಹೋಗು ಅಂದಿ.”

ಅಜ್ಜನವರು ಮುಗುಳ್ನಕ್ಕರು. “ಆಚಿ ದಂಡಿ ತೋಟದಾಗ ಕುಂಬಳಕಾಯಿ ಕಿತ್ತಿಟ್ಟಾರ. ಮಠದ ಹರಗೋಲು ತಗೊಂಡು ಇಬ್ಬರೂ ಹೋಗಿ ತರ್ರಿ. ಮಾಸ್ತರ, ಇವತ್ತು ಆಕಿ ಗುರು, ನೀವು ಶಿಷ್ಯ. ನೀವಾಗಿ ಏನೂ ಕೇಳಬ್ಯಾಡ್ರಿ. ಆಕಿ ಹೇಳಿದ್ದನ್ನ ಕೇಳ್ರಿ.”

ಮಗಳು ಹುಟ್ಟು ಹಾಕುತ್ತಿದ್ದಷ್ಟು ಹೊತ್ತು ಹರಗೋಲು ನೆಟ್ಟಗೆ ಸಾಗಿತು. ತಂದೆಯ ಕೈಗೆ ಹುಟ್ಟು ಬಂದದ್ದೇ ತಡ, ಅದು ಬುಗುರಿಯಂತೆ ಗಿರಗಿರನೆ ತಿರುಗತೊಡಗಿತು. ನೀಲಾಂಬಿಕೆ ನಗು ತಡೆಯಲಾರದೆ, “ಅಪ್ಪಾ, ನೀರಿನ ಜೋಡಿ ಜಗಳಾ ಮಾಡಬ್ಯಾಡ! ಮುಂದ ಚಾಚು, ನಿನ್ನ ಕಡೆ ಎಳಕೋ,” ಎಂದಳು. ತೊಯ್ದು ತೊಪ್ಪೆಯಾದ ಮಾಸ್ತರರೂ ನಗತೊಡಗಿದರು. ತಂದೆಮಗಳು ಹಾಗೆ ಕೂಡಿ ನಕ್ಕು ಎಷ್ಟು ಕಾಲವಾಗಿತ್ತೋ!

ಮರಳುವಾಗ ಕುಂಬಳಕಾಯಿಗಳ ನಡುವೆ ಕುಳಿತ ಮಗಳು ತಾನಾಗಿಯೇ ಮಾತು ತೆಗೆದಳು. ಬಹಳ ದಿನದಿಂದ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮಾತು. ಹೇಳುವಾಗ ಅವಳ ಕಣ್ಣು ತುಂಬಿತು. ತಂದೆಯ ನಾಲಿಗೆಯ ತುದಿಗೆ ಉಪದೇಶ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡರು. “ಹೇಳವ್ವಾ,” ಎಂದಷ್ಟೇ ನುಡಿದು, ಅವಳು ಕಲಿಸಿದಂತೆ ಮೆಲ್ಲಗೆ ಹುಟ್ಟು ಹಾಕಿದರು. ಅವಳು ಹೇಳುತ್ತಲೇ ಹೋದಳು. ದಂಡೆ ಮುಟ್ಟುವ ಹೊತ್ತಿಗೆ ಅವಳ ಮುಖ ತಿಳಿಯಾಗಿತ್ತು.

ಮಗಳನ್ನು ಹರಗೋಲಿನ ಬಳಿ ಬಿಟ್ಟು, ಕುಂಬಳಕಾಯಿ ಹೊತ್ತು ಮಠದೊಳಗೆ ಬಂದ ಮಾಸ್ತರರನ್ನು ಅಜ್ಜನವರು ಕೇಳಿದರು: “ಏನಂದ್ಲು ಮಗಳು?”

ಶಿವಮೂರ್ತೆಪ್ಪನವರು ಕುಂಬಳಕಾಯಿ ಕೆಳಗಿಳಿಸಿ, ಕೈಮುಗಿದು ನುಡಿದರು: “ತಪ್ಪು ತಿಳೀಬ್ಯಾಡ್ರಿ ಅಜ್ಜಾರ. ಆಕಿ ನನ್ನ ನಂಬಿ ಹೇಳ್ಯಾಳ. ನಿಮಗೂ ಹೇಳಾಕ ಬರೂದಿಲ್ಲ.”

ಅಜ್ಜನವರು ಮಠವೆಲ್ಲ ಮೊಳಗುವಂತೆ ನಕ್ಕರು. “ಇನ್ನ ನಿಮಗ ನನ್ನ ಆಶೀರ್ವಾದ ಬ್ಯಾಡ, ಮಾಸ್ತರ!”

ಆ ಸಂದೇಹವಾದಿ ಅಲ್ಲೇ ಅಜ್ಜನವರ ಪಾದಕ್ಕೆ ಹಣೆ ಹಚ್ಚಿದರು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಕೂಗು ಕೇಳಿಸಿತು: “ಅಪ್ಪಾ, ಲಗೂ ಬಾ! ಇನ್ನೊಂದು ಸುತ್ತು ಹೋಗೂಣು!”

ಮಾಸ್ತರರು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದರು.