ಇನ್ನೊಬ್ಬ ವಿಹಾನ್

ಅಕ್ಕಿ ಗಿರಣಿಯ ಯಜಮಾನ ಮರುಳಸಿದ್ದಪ್ಪನವರು ಮೊಮ್ಮಗನಿಗೆ ವಿಹಾನ್ ಅಂತ ಹೆಸರು ಗೊತ್ತು ಮಾಡಿದರು. ಬೆಳಗು ಅಂತ ಅರ್ಥವಂತೆ. ಆ ಓಣಿಯಲ್ಲಿ ಆಗಲೇ ನಾಲ್ಕು ಮಕ್ಕಳಿಗೆ ಅದೇ ಹೆಸರಿತ್ತು. ಅವರಲ್ಲಿ ಒಬ್ಬ ಗಿರಣಿಯ ಗುಮಾಸ್ತನ ಮಗ.

"ಯಜಮಾನನ ಮೊಮ್ಮಗನಿಗೂ ಗುಮಾಸ್ತನ ಮಗನಿಗೂ ಒಂದೇ ಹೆಸರೇನಯ್ಯಾ? ನಾಮಕರಣದ ಹೊತ್ತಿಗೆ ನಿನ್ನ ಮಗನದು ಬದಲಾಗಬೇಕು. ಇಲ್ಲಾಂದ್ರೆ ಬೇರೆ ಗಿರಣಿ ನೋಡ್ಕೋ."

ಗುಮಾಸ್ತನಿಗೆ ಅನ್ನ ಇಳಿಯಲಿಲ್ಲ. ಹೆಂಡತಿ ಮಾತು ಬಿಟ್ಟಳು. ಮೂರು ವರ್ಷದ ಮಗ ಬೇರೆ ಯಾವ ಹೆಸರಿಗೂ ತಿರುಗಿ ನೋಡುತ್ತಿರಲಿಲ್ಲ.

ನಾಮಕರಣದ ದಿನ ಗುಮಾಸ್ತ ಮಗನನ್ನು ಎತ್ತಿಕೊಂಡೇ ಬಂದ.

"ಬದಲಾಯಿಸಿದೆಯಾ?" ನೆಂಟರ ಮುಂದೆಯೇ ಕೇಳಿದರು ಯಜಮಾನರು.

"ಹೂಂ ಯಜಮಾನ್ರೇ. ಓಣೀಲಿ ಯಾವ ಮಗೂಗೂ ಇಲ್ಲದ ಹೆಸರು ಇಟ್ಟೆ. ತಮ್ಮದೇ."

ಯಜಮಾನರು ಉಬ್ಬಿಹೋದರು. ಇಷ್ಟು ಗೌರವ ಅವರು ಎಣಿಸಿರಲಿಲ್ಲ.

ಅಷ್ಟರಲ್ಲಿ ಮಗ ಕೆಳಗಿಳಿದು ಜಿಲೇಬಿ ತಟ್ಟೆಗೆ ಕೈ ಹಾಕಿದ. ಗುಮಾಸ್ತ ಗದರಿದ: "ಲೇ ಮರುಳಸಿದ್ದಪ್ಪ, ಮೊದಲು ಮೂಗು ಒರೆಸ್ಕೋ. ಕದ್ದು ತಿಂದ್ರೆ ಕುಂಡಿ ಮೇಲೆ ಬಾರಿಸ್ತೀನಿ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಯಜಮಾನರ ಸೊಸೆ ತೊಟ್ಟಿಲ ಹಿಂದೆ ಬಗ್ಗಿದಳು.

ಯಜಮಾನರು ಗುಮಾಸ್ತನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಹಳೇ ಹೆಸರೇ ಇರಲಿ. ಈಗಿಂದಲೇ."

ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ನಮಗೂ ಕೇಳಲಿ ಅಂತ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. "ವಿಹಾನ್" ಅಂತ ಜೋರಾಗಿ ಕೂಗಿದಳು.

"ಏನು?" ಅಂದ, ಬಾಯಿ ತುಂಬ ಜಿಲೇಬಿ ತುಂಬಿಕೊಂಡಿದ್ದ ಗುಮಾಸ್ತನ ಮಗ.