ತೊಲೆಗೆ ಬಾಯಿಲ್ಲ

"ಅಜ್ಜಾರ, ತನ್ನ ಕೈಯಾರೆ ಲಿವರ್ ಸುಟ್ಟುಕೊಂಡಾವಗ ನನ್ನ ಲಿವರಿನ ತುಂಡು ಕೊಡೂದು ಯಾವ ನ್ಯಾಯರೀ?"

ಗುರುಪಾದ ಹೀಗೆ ಕೇಳಿ ಕೂತ, ಮತ್ತೆ ಎದ್ದ. ಮೀಸೆ ಚಿಗುರಿದಾಗಿನಿಂದ ಕುಡಿಯುತ್ತಿದ್ದ ಅಣ್ಣ ಈಗ ಕಣ್ಣು ಅರಿಶಿನವಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಯಲ್ಲಿ ಮಲಗಿದ್ದ. ಮದ್ದಿನ ಕಾಲ ಮುಗಿಯಿತು, ಒಡಹುಟ್ಟಿದವನು ತನ್ನದರಲ್ಲಿ ಒಂದು ಭಾಗ ಕೊಟ್ಟರೆ ಉಳಿದಾನು, ಕೊಟ್ಟವನದು ಮತ್ತೆ ಬೆಳೆಯುತ್ತದೆ ಎಂದು ವೈದ್ಯರು ಹೇಳಿದ್ದರು. ಅತ್ತಿಗೆ ಸಂಜೆಯೊಳಗೆ ಉತ್ತರ ಕೇಳಿದ್ದಳು. ಗುರುಪಾದನಿಗೆ ಮೈಯೆಲ್ಲ ಉರಿ. ಎಷ್ಟು ಸಲ ಬುದ್ಧಿ ಹೇಳಿದ್ದ! ಎಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು.

"ಕೂಡು," ಎಂದರು ಮಠದ ಅಜ್ಜನವರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನದು ಮಣ್ಣಿನ ಮಾಳಿಗೆಯ ಮನೆ, ತೊಲೆಯ ಮೇಲೆ ಮಣ್ಣು ಹಾಸಿದ ಚಾವಣಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಹಳೆಯ ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕುವುದು ಆ ಸೀಮೆಯ ರೂಢಿ. ಕೆರೆಯುವುದು ಬೆನ್ನು ಮುರಿಯುವ ಕೆಲಸ, ಹಾಕುವುದು ಸಲೀಸು. ರೈತ ಹಳೆಯದರ ಮೇಲೇ ಹೊಸದು ಹಾಕಿದ. ಮನೆ ಸೋರಲಿಲ್ಲ. ಮರುವರ್ಷವೂ ಹಾಗೇ ಮಾಡಿದ, ಅದರ ಮರುವರ್ಷವೂ. ಕೆಳಗೆ ತೊಲೆ ಹೊರುತ್ತಲೇ ಇತ್ತು. ತೊಲೆಗೆ ಬಾಯಿಲ್ಲ.

ಕೆಲವು ಮಳೆಗಾಲ ಕಳೆದವು. ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಹಾಕಲು ಬಾರದಾಯಿತು. ರೈತ ಬಾಗಿಲು ಹೆರೆಯಲು ಬಡಿಗನನ್ನು ಕರೆಸಿದ. ಬಡಿಗ ಬಾಗಿಲು ಮುಟ್ಟದೆ ಮೇಲೆ ನೋಡಿದ.

"ತೊಲಿ ಬಾಗೇದ ಯಜಮಾನ್ರ. ಇವತ್ತ ಮಣ್ಣ ಇಳಸ್ರಿ. ಹಗುರಾದ್ರ ಇನ್ನೂ ತಡೀತದ. ಒಡೀತಂದ್ರ ಬ್ಯಾರೆ ತೊಲೀನ ಬೇಕು."

"ಇದೊಂದು ಮಳಿಗಾಲ ಹೋಗ್ಲಿ," ಎಂದ ರೈತ. ಬಾಗಿಲು ಹೆರೆಸಿಕೊಂಡ. ಮಾಳಿಗೆಗೆ ಇನ್ನಷ್ಟು ಮಣ್ಣು ಹಾಕಿದ.

ಮಳೆ ಹಿಡಿಯಿತು. ಮಣ್ಣು ನೀರು ಕುಡಿದು ಭಾರವಾಯಿತು. ತೊಲೆ ಒಡೆಯಿತು. ರೈತ ಓಡಾಡಿ ಆಸರೆಗೆ ಕಂಬ ಕೊಟ್ಟ, ಅಳುತ್ತ ಆದಷ್ಟು ಮಣ್ಣು ಇಳಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಡೆದ ತೊಲೆ ಕೂಡಲಿಲ್ಲ.

ಆ ಅಳತೆಯ ತೊಲೆ ಇದ್ದುದು ಪಕ್ಕದಲ್ಲಿದ್ದ ತಮ್ಮನ ಮನೆಯಲ್ಲಿ ಮಾತ್ರ. ಅಲ್ಲಿಂದ ಒಂದನ್ನು ಬಿಚ್ಚಿದರೂ ತಮ್ಮನ ಮಾಳಿಗೆ ನಿಲ್ಲುತ್ತದೆ ಎಂದ ಬಡಿಗ. ತಮ್ಮ ಹೊಸ್ತಿಲಲ್ಲಿ ನಿಂತು ಕೂಗಿದ, "ಮಣ್ಣ ಹೇರಂತ ನಾ ಹೇಳಿದ್ನೇನು?"

ಊರವರು ಅವನ ಮಾತು ಸರಿ ಎಂದರು. ಕೆಲವರು ಕೊಡು ಎಂದರು, ಕೆಲವರು ಬೇಡ ಎಂದರು. ಪಂಚಾಯಿತಿ ಬೆಳೆಯಿತು. ಅದು ಮುಗಿಯುವ ಮೊದಲೇ ಮಾಳಿಗೆ ಕುಸಿಯಿತು. ರೈತ ಒಳಗಿದ್ದ.

ಅಜ್ಜನವರು ಕತೆಯನ್ನು ಅಲ್ಲಿಗೆ ಮುಗಿಸಿದರು. ಗುರುಪಾದನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನಿಗೇ ತಿಳಿಯದಂತೆ ಅವನ ಅಂಗೈ ಲಿವರ್ ಇರುವ ಬಲಪಕ್ಕೆಯನ್ನು ಒತ್ತಿ ಹಿಡಿದಿತ್ತು.

"ತಮ್ಮ ಹೇಳಿದ್ರಾಗ ತಪ್ಪೇನದರೀ ಅಜ್ಜಾರ?" ಎಂದ.

ಅಜ್ಜನವರು ಆ ಕೈಯನ್ನೇ ನೋಡುತ್ತ ಹೇಳಿದರು:

"ತಪ್ಪೇನಿಲ್ಲಪಾ, ಅವಗ ಅಂಜಿಕಿ ಆಗಿತ್ತು, ಅದಕ್ಕ ನ್ಯಾಯ ಅಂತ ಹೆಸರಿಟ್ಟ."