ಸೆಟ್ಟಿಯ ಕೈತುತ್ತು

ಶಿಷ್ಯ ಕೇಳಿದ: "ಗುರುಗಳೇ, ಸಂಜೆ ಪ್ರತಿಕ್ರಮಣಕ್ಕೆ ಕೂತಾಗ ಆ ದಿನ ಮಾಡಿದ ತಪ್ಪುಗಳನ್ನೆಲ್ಲ ಒಪ್ಪಿಕೊಳ್ಳುತ್ತೇನೆ. ನನ್ನ ಜೊತೆಯವನನ್ನು ನೀವು ಹೊಗಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಅವನಿಗೆ ನಾನು ಯಾವ ಕೆಡುಕನ್ನೂ ಮಾಡಿಲ್ಲ. ಮಾಡದೆ ಇದ್ದದ್ದನ್ನೂ ಒಪ್ಪಿಕೊಳ್ಳಬೇಕೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಬೂಚಣ ಸೆಟ್ಟಿ ಎಂಬ ಧಾನ್ಯದ ವ್ಯಾಪಾರಿ ಇದ್ದ. ಆ ಊರಿನ ಬಸದಿಯನ್ನು ಕಟ್ಟಿಸಿದವನು ಅವನ ಅಜ್ಜ. ಸೆಟ್ಟಿಯ ಮನೆಗೆ ಎದುರಾಗಿ, ಬೀದಿಯ ಆಚೆ ಬದಿಗೆ, ಹತ್ತಿ ಹಿಂಜುವ ಆದಪ್ಪನ ಮನೆ. ಇಬ್ಬರೂ ಶ್ರಾವಕರು, ಜೈನ ಗೃಹಸ್ಥರು. ಇಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಒಮ್ಮೆ ಆ ಊರಿಗೆ ಒಬ್ಬ ದಿಗಂಬರ ಮುನಿಗಳು ಬಂದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಬಸದಿಯಿಂದ ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಳ್ಳುತ್ತಾರೆ. ಅದಕ್ಕೆ ಹೊಂದುವ ಮನೆ ಕಂಡರೆ ಊಟ, ಕಾಣದಿದ್ದರೆ ಉಪವಾಸ. ನಿಯಮ ಏನೆಂದು ಯಾರಿಗೂ ಹೇಳುವುದಿಲ್ಲ. ಗೃಹಸ್ಥರು ಮಿಂದು, ಮಡಿಯುಟ್ಟು, ಕಲಶ ಹಿಡಿದು ತಮ್ಮ ತಮ್ಮ ಬಾಗಿಲಲ್ಲಿ ಕಾಯುತ್ತಾರೆ.

ಮೊದಲ ದಿನ ಮುನಿಗಳು ಸೆಟ್ಟಿಯ ಬಾಗಿಲನ್ನು ದಾಟಿ ಆದಪ್ಪನ ಮನೆಗೆ ಹೋದರು. ಸೆಟ್ಟಿ ಬೇಸರ ಮಾಡಿಕೊಳ್ಳಲಿಲ್ಲ. ಎರಡನೆಯ ದಿನ ಇನ್ನಾರದೋ ಮನೆಗೆ ಹೋದರು. ಮೂರನೆಯ ದಿನ ಮತ್ತೆ ಆದಪ್ಪನ ಮನೆ. ಸೆಟ್ಟಿಯ ಮನೆಯಲ್ಲಿ ತುಪ್ಪ, ಹಾಲು, ನಾಲ್ಕು ಬಗೆಯ ಹಣ್ಣು ಹಾಗೇ ಉಳಿದವು. ಆದಪ್ಪನ ಮನೆಯಲ್ಲಿ ಇದ್ದದ್ದು ಜೋಳದ ಅಂಬಲಿ, ಬೇಯಿಸಿದ ಹೆಸರುಬೇಳೆ.

ಸೆಟ್ಟಿ ಪ್ರತಿದಿನ ಬಸದಿಗೆ ಹೋಗಿ ಪಂಚನಮಸ್ಕಾರ ಹೇಳುತ್ತಿದ್ದ. ಅರಿಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದ ಎಲ್ಲ ಸಾಧುಗಳಿಗೆ ನಮಸ್ಕಾರ. ಆ ಮಂತ್ರದಲ್ಲಿ ಯಾರ ಹೆಸರೂ ಇಲ್ಲ, ಯಾವ ಬೇಡಿಕೆಯೂ ಇಲ್ಲ. ಸೆಟ್ಟಿ ಕೊನೆಯಲ್ಲಿ ತನ್ನದೊಂದು ಬೇಡಿಕೆ ಸೇರಿಸಿದ: ನಾಳೆ ನನ್ನ ಮನೆಗೆ ಬರಲಿ. ಎಂಟನೆಯ ದಿನದ ಹೊತ್ತಿಗೆ ಮುನಿಗಳು ನಾಲ್ಕು ಸಲ ಆದಪ್ಪನ ಮನೆಯಲ್ಲಿ ಉಂಡಿದ್ದರು. ಆಗ ಬೇಡಿಕೆ ಬದಲಾಯಿತು: ನಾಳೆ ಅವನ ಮನೆಗೆ ಹೋಗದಿರಲಿ.

ಮುಂದಿನ ಮೂರು ದಿನ ಮುನಿಗಳಿಗೆ ನಿಯಮಕ್ಕೆ ಹೊಂದುವ ಮನೆ ಎಲ್ಲಿಯೂ ಸಿಗಲಿಲ್ಲ. ಊರಿಗೆ ಊರೇ ಕಳವಳಪಟ್ಟಿತು. ಸೆಟ್ಟಿ ಮಾತ್ರ ಆ ಮೂರು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಹನ್ನೆರಡನೆಯ ದಿನ ಮುನಿಗಳು ಆದಪ್ಪನ ಬಾಗಿಲಲ್ಲಿ ನಿಂತರು. ಆದಪ್ಪ ಪಾದ ತೊಳೆದು ಒಳಗೆ ಕರೆದುಕೊಂಡ. ಆಮೇಲೆ ಹೊರಗೆ ಬಂದು, ಎದುರು ಬಾಗಿಲಲ್ಲಿ ಕಲಶ ಹಿಡಿದು ನಿಂತಿದ್ದ ಸೆಟ್ಟಿಯನ್ನು ನೋಡಿದ.

"ಸೆಟ್ಟರೇ, ನೀವೂ ಮಡಿಯಲ್ಲಿದ್ದೀರಿ. ಬನ್ನಿ, ನಿಮ್ಮ ಕೈಯಿಂದಲೂ ಒಂದು ತುತ್ತು ಆಗಲಿ" ಎಂದ.

ಆ ಕರುಣೆ ಸೆಟ್ಟಿಯನ್ನು ಇನ್ನಷ್ಟು ಸುಟ್ಟಿತು. ಬೀದಿ ದಾಟುವಾಗ ಅವನ ಕೈ ಕಿವಿಯ ಹಿಂದಕ್ಕೆ ಹೋಯಿತು. ಒಂದು ಕೂದಲು ಕಿತ್ತುಕೊಂಡ. ಒಳಗೆ ಆದಪ್ಪ ಮೊದಲು ಬಡಿಸಿದ ಎರಡು ತುತ್ತನ್ನು ಮುನಿಗಳು ತೆಗೆದುಕೊಂಡರು. ಮೂರನೆಯದನ್ನು ಸೆಟ್ಟಿ ಬೊಗಸೆಗೆ ಇಟ್ಟ. ಮುನಿಗಳು ತುತ್ತನ್ನು ಬೆರಳಿನಿಂದ ಬಿಡಿಸಿ ನೋಡಿದರು. ಕೂದಲು ಕಂಡಿತು. ಕೂದಲು ಕಂಡರೆ ಅಂತರಾಯ. ಆ ದಿನ ಮತ್ತೆ ಉಣ್ಣುವಂತಿಲ್ಲ, ನೀರನ್ನೂ ಕುಡಿಯುವಂತಿಲ್ಲ. ಮುನಿಗಳು ಬೊಗಸೆ ಬಿಟ್ಟು ಹೊರಟುಹೋದರು.

ಆದಪ್ಪ ನೆಲಕ್ಕೆ ಕುಸಿದ. "ಅಡುಗೆ ನನ್ನ ಮನೆಯದು, ತಪ್ಪೂ ನನ್ನದೇ. ಅವರು ಉಣ್ಣುವವರೆಗೆ ನಾನೂ ಉಣ್ಣುವುದಿಲ್ಲ" ಎಂದು ಅತ್ತ. ಸೆಟ್ಟಿ ಅವನ ಬೆನ್ನು ಸವರಿ ಸಮಾಧಾನ ಹೇಳಿ ಮನೆಗೆ ಬಂದ.

ಮರುದಿನ ಮುನಿಗಳ ಹೆಜ್ಜೆ ತಡವರಿಸುತ್ತಿತ್ತು. ಅವರು ನೇರವಾಗಿ ಬಂದು ಸೆಟ್ಟಿಯ ಬಾಗಿಲಲ್ಲಿ ನಿಂತರು.

ಸೆಟ್ಟಿ ಪ್ರದಕ್ಷಿಣೆ ಬಂದ. ಒಳಗೆ ಕರೆದು ಪಾದ ತೊಳೆದ. ಇನ್ನು ಬಡಿಸುವ ಮೊದಲು ಕೈಮುಗಿದು ಹೇಳಲೇಬೇಕಾದ ಮಾತು ಒಂದು ಉಳಿದಿತ್ತು: ನನ್ನ ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಸೆಟ್ಟಿ "ನನ್ನ ಮನಸ್ಸು" ಎಂದ. ಮುಂದಿನ ಪದ ಬಾಯಿಗೆ ಬರಲಿಲ್ಲ. ಹೆಂಡತಿ ನಾಗಲೆ ಮೆಲ್ಲಗೆ ಹೇಳಿಕೊಟ್ಟಳು. ಆದರೂ ಬರಲಿಲ್ಲ. ಹೇಳದಿದ್ದರೆ ಮುನಿಗಳು ಹಿಂದಿರುಗುವರು. ಐದು ದಿನಗಳಲ್ಲಿ ಅವರ ಹೊಟ್ಟೆಗೆ ಬಿದ್ದದ್ದು ಎರಡೇ ತುತ್ತು.

ಸೆಟ್ಟಿ ಬೀದಿಗೆ ಓಡಿದ. ಆದಪ್ಪ ಮಡಿಯುಟ್ಟು ತನ್ನ ಬಾಗಿಲಲ್ಲೇ ನಿಂತಿದ್ದ.

"ಆದಪ್ಪ, ನಿನ್ನೆಯ ಕೂದಲು ನನ್ನದು. ಬೇಕೆಂದೇ ಹಾಕಿದೆ. ಆ ಮಾತು ಹೇಳುವ ಬಾಯಿ ನನಗಿಲ್ಲ. ನೀನು ಬಂದು ಹೇಳು, ನೀನೇ ಬಡಿಸು" ಎಂದ. ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡರು.

ಆದಪ್ಪನ ಮುಖ ಬಿಳಿಚಿತು. "ಸೆಟ್ಟರೇ, ಸ್ವಾಮಿಗಳು ನಿಂತಿದ್ದಾರೆ. ಮೊದಲು ನಡೆಯಿರಿ" ಎಂದ.

ಆದಪ್ಪ ಸೆಟ್ಟಿಯ ಮನೆಯಲ್ಲಿ ಆ ಮಾತು ಹೇಳಿ ಬಡಿಸಿದ. ಮುನಿಗಳು ತೃಪ್ತಿಯಾಗುವಷ್ಟು ಆಹಾರ ತೆಗೆದುಕೊಂಡರು. ಸೆಟ್ಟಿ ಗೋಡೆಗೆ ಒರಗಿ ನಿಂತಿದ್ದ. ತನ್ನ ಮನೆಯ ಅನ್ನಕ್ಕೆ ಅವನು ಕೈ ಹಚ್ಚಲಿಲ್ಲ.

ಮುನಿಗಳು ಹೋದ ಮೇಲೆ ಆದಪ್ಪ ಕೈಮುಗಿದ. "ನಾನು ಕ್ಷಮಿಸಿದ್ದೇನೆ. ನೀವೂ ನನ್ನನ್ನು ಕ್ಷಮಿಸಿ. ನೀವು ದಿನವೂ ನಿಂತು ನೋಡುತ್ತಿದ್ದಿರಿ. ಒಳಗೆ ಬನ್ನಿ ಎನ್ನಲು ನನಗೆ ಅಷ್ಟು ದಿನ ಬೇಕಾಯಿತು."

ಸೆಟ್ಟಿ ತಲೆಯಾಡಿಸಿದ. ಇವನಿಗೆ ಇದು ಹೇಗೆ ಸಾಧ್ಯವಾಯಿತು ಎಂದು ಅವನ ಹೊಟ್ಟೆ ಮತ್ತೊಮ್ಮೆ ಉರಿಯಿತು. ಅಂದು ಸಂಜೆ ಪ್ರತಿಕ್ರಮಣಕ್ಕೆ ಕೂತಾಗ ಅವನು ಮೊದಲು ಒಪ್ಪಿಕೊಂಡದ್ದು ಆ ಉರಿಯನ್ನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆದರೆ ಗುರುಗಳೇ, ಸೆಟ್ಟಿ ಅನ್ನದಲ್ಲಿ ಕೂದಲು ಹಾಕಿದವನು. ನಾನು ಹಾಕಿಲ್ಲವಲ್ಲ?" ಎಂದ.

ಗುರುಗಳು ಹೇಳಿದರು: "ಹನ್ನೊಂದು ದಿನ ಅವನೂ ಹಾಕಿರಲಿಲ್ಲ."